ಮೆಲ್ಕಾರಿನ ಹಾದಿಯಲ್ಲಿ ಕಲ್ಯಾಣಪ್ಪನ ದಂಡು

ಘಟ್ಟದ ಮೇಲಿನ ನಮ್ಮ ಮನೆಗಳಿಂದ ವರ್ಷ ವರ್ಷವೂ ಅನೇಕ ಕುಟುಂಬಗಳು ಕರಾವಳಿಯ ಯಾತ್ರೆಗೆ ಹೊರಡುತ್ತವೆ. ಶಿರಾಡಿ ಘಾಟಿಯನ್ನಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರೆಗಳ ಸಂಗಮವನ್ನು ಕಂಡು, ಮಾಣಿ ಕಲ್ಲಡ್ಕಗಳನ್ನು ದಾಟಿ ಮಂಗಳೂರನ್ನು ಸೇರುವುದು ಸಾಮಾನ್ಯ ಪದ್ಧತಿ. ಈ ಹೆದ್ದಾರಿಯಲ್ಲಿ ಕಲ್ಲಡ್ಕ ಕಳೆದು ಪಾಣೆಮಂಗಳೂರು ಬರುವುದಕ್ಕೆ ಮೊದಲು ಮೆಲ್ಕಾರ್ ಎಂಬ ಸಣ್ಣ ಪೇಟೆಯೊಂದು ಸಿಗುತ್ತದೆ. ಒಂದು ಕವಲುದಾರಿ, ನಾಲ್ಕಾರು ಸಾಲು ಅಂಗಡಿ, ಮುಡಿಪು ಕಡೆಗೆ ಹೋಗುವ ಬಸ್ಸುಗಳಿಗಾಗಿ ಕಾದು ನಿಂತ ಜನ. ಇಷ್ಟೇ ಅಲ್ಲಿ ಕಣ್ಣಿಗೆ ಬೀಳುವುದು. ಯಾತ್ರಿಕರಾರೂ ಅಲ್ಲಿ ಇಳಿಯುವುದಿಲ್ಲ. ಇಳಿಯಬೇಕೆಂದು ಹೇಳುವ ಫಲಕವೂ ಇಲ್ಲ.

ಆದರೆ ಈ ಹಾದಿಗೆ ಒಂದು ಚರಿತ್ರೆಯುಂಟು. ಕ್ರಿ.ಶ. 1837ರ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಸುಳ್ಯ, ಬೆಳ್ಳಾರೆ, ಪುತ್ತೂರುಗಳ ಕಡೆಯಿಂದ ಹೊರಟ ರೈತರ ದಂಡೊಂದು ಪಾಣೆಮಂಗಳೂರಿಗೆ ಬಂದು, ನೇತ್ರಾವತಿಯನ್ನು ದಾಟಿ, ಮಂಗಳೂರನ್ನು ಈಸ್ಟ್ ಇಂಡಿಯಾ ಕಂಪೆನಿಯ ಕೈಯಿಂದ ಕಿತ್ತುಕೊಂಡಿತು. ಸಿಪಾಯಿಗಳ ದಂಗೆಯೆಂದು ಪಠ್ಯಪುಸ್ತಕಗಳಲ್ಲಿ ನಾವು ಓದುವ 1857ರ ಮಹಾ ಸಂಗ್ರಾಮಕ್ಕೆ ಇನ್ನೂ 20 ವರ್ಷಗಳಿದ್ದವು. ಆ ದಂಡಿನ ಮುಂದೆ ಇದ್ದ ಹೆಸರು ಒಬ್ಬ ಸ್ವಾಮಿಯದು. ಆದುದರಿಂದ ಈ ವೃತ್ತಾಂತವು ನಮ್ಮ ವಾಚಕ ಬಂಧುಗಳಿಗೆ ಎರಡು ಬಗೆಯಲ್ಲಿ ಸಂಬಂಧಪಟ್ಟದ್ದು. ಅದು ಕನ್ನಡ ನಾಡಿನ ಚರಿತ್ರೆ. ಜೊತೆಗೆ ಜಂಗಮವೆಂಬ ಹೆಸರು ಎಷ್ಟು ಭಾರವಾದುದು ಎಂಬ ಪ್ರಶ್ನೆಯೂ ಹೌದು.

ಮೆಲ್ಕಾರಿನ ಸುತ್ತುಮುತ್ತ

ಮೊದಲು ಸ್ಥಳದ ಪರಿಚಯವನ್ನು ಮಾಡಿಕೊಳ್ಳೋಣ. ಮೆಲ್ಕಾರ್ ಬಂಟ್ವಾಳ ತಾಲೂಕಿಗೆ ಸೇರಿದ ಊರು. ಮುರಕಲ್ಲಿನ ಗುಡ್ಡಗಳು, ಗುಡ್ಡಗಳ ಮಡಿಲಲ್ಲಿ ಅಡಕೆ ತೆಂಗುಗಳ ತೋಟ, ತೋಟದಿಂದ ಕೆಳಗೆ ಬೈಲುಗದ್ದೆ, ಅದಕ್ಕೂ ಕೆಳಗೆ ನೇತ್ರಾವತಿ. ಪೂರ್ವಕ್ಕೆ ಹೋದರೆ ಕಲ್ಲಡ್ಕ. ಅಲ್ಲಿಂದ ಒಂದು ದಾರಿ ವಿಟ್ಲಕ್ಕೆ ಹೋಗುತ್ತದೆ. ಕಲ್ಲಡ್ಕದಲ್ಲಿ ಈಗ ಹೆದ್ದಾರಿಯು ಎತ್ತರದ ಮೇಲುಸೇತುವೆಯನ್ನೇರಿ ಪೇಟೆಯನ್ನು ಕೆಳಗೆ ಬಿಟ್ಟು ಸಾಗುತ್ತದೆ. ಪಶ್ಚಿಮಕ್ಕೆ ಪಾಣೆಮಂಗಳೂರು, ಅಲ್ಲಿ ಹೊಳೆಯ ಮೇಲೆ ಬ್ರಿಟಿಷರ ಕಾಲದ ಹಳೆಯ ಉಕ್ಕಿನ ಸೇತುವೆ, ಅದರ ಮಗ್ಗುಲಲ್ಲಿ ಹೊಸ ಸೇತುವೆ. ಹೊಳೆ ದಾಟಿದರೆ ಬಿ.ಸಿ. ರೋಡ್, ಬಂಟ್ವಾಳ ಪೇಟೆ. ಘಟ್ಟದ ಮೇಲಿನ ಸರಕು ಎತ್ತಿನ ಮೇಲೆ ಇಳಿದು ಬಂದು ದೋಣಿಯೇರಿ ಮಂಗಳೂರಿನ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ಬಂಟ್ವಾಳವು ದೊಡ್ಡ ವ್ಯಾಪಾರ ಸ್ಥಳವಾಗಿತ್ತು.

ಕಲ್ಲಡ್ಕಕ್ಕೂ ಮೆಲ್ಕಾರಿಗೂ ನಡುವೆ ನರಹರಿ ಪರ್ವತವಿದೆ. ಮೆಟ್ಟಿಲುಗಳನ್ನೇರಿದರೆ ಶಿಖರದಲ್ಲಿ ಸದಾಶಿವನ ದೇವಸ್ಥಾನ. ಶಂಖ, ಚಕ್ರ, ಗದಾ, ಪದ್ಮಗಳ ಹೆಸರಿನ ತೀರ್ಥಕೂಪಗಳು. ಆಟಿ ಅಮಾವಾಸ್ಯೆಯಂದು ಭಕ್ತರು ಅಲ್ಲಿ ತೀರ್ಥಸ್ನಾನ ಮಾಡುತ್ತಾರೆ. ನಾವು ಆ ಬೆಟ್ಟವನ್ನೇರಿ ನಿಂತಾಗ ನೆಲದ ರಚನೆಯೇ ಚರಿತ್ರೆಯ ಅರ್ಥವನ್ನು ಬಿಡಿಸಿ ಹೇಳಿದಂತಾಯಿತು. ಕೆಳಗೆ ಹೊಳೆ ಬಳುಕುತ್ತದೆ. ಗುಡ್ಡಗಳ ನಡುವೆ ದಾರಿ ಒಂದೇ ಒಂದು ಇಕ್ಕಟ್ಟಿನಲ್ಲಿ ಹೊಳೆಯತ್ತ ಸಾಗುತ್ತದೆ. ಪುತ್ತೂರಿನಿಂದ ಮಂಗಳೂರಿಗೆ ಹೊರಟ ದಂಡು, ಅದು ಯಾರದೇ ಆಗಿರಲಿ, ಈ ಆಸುಪಾಸನ್ನು ಬಿಟ್ಟು ಹೋಗಲಾರದು.

ಮೆಲ್ಕಾರಿನಿಂದ ಮುಡಿಪು ರಸ್ತೆಯಲ್ಲಿ ತುಸು ಸಾಗಿ ಬಲಕ್ಕೆ ಹೊಳೆಯ ದಡಕ್ಕಿಳಿದರೆ ನಂದಾವರ. ಇದು ಬಂಗ ಅರಸರ ಹಳೆಯ ನೆಲೆಗಳಲ್ಲೊಂದು. ತುಳುನಾಡಿನ ಜೈನ ಅರಸು ಮನೆತನಗಳಲ್ಲಿ ಬಂಗರದು ಹೆಸರಾದ ಮನೆತನ. ಈಗ ಅಲ್ಲಿ ವಿನಾಯಕ, ಶಂಕರನಾರಾಯಣ, ದುರ್ಗಾಂಬೆಯರ ದೇವಸ್ಥಾನವಿದೆ. 1837ರ ಕಥೆಯಲ್ಲಿ ಈ ನಂದಾವರಕ್ಕೆ ಬಹು ಮುಖ್ಯ ಸ್ಥಾನವಿದೆ. ಅದನ್ನು ಮುಂದೆ ಹೇಳುವೆವು.

ಕಂಪೆನಿಯ ಕೈಸೇರಿದ ಕೆನರಾ

ಕೆಳದಿಯ ನಾಯಕರು ಆಳುತ್ತಿದ್ದ ಈ ಕರಾವಳಿ 1763ರಲ್ಲಿ ಹೈದರನ ವಶವಾಯಿತು. ಅಲ್ಲಿಂದ ಮುಂದೆ ಅರ್ಧ ಶತಮಾನದ ಕಾಲ ಜಗತ್ತಿನ ಬಿರುಗಾಳಿಗಳೆಲ್ಲ ಈ ತೀರಕ್ಕೂ ಬಂದು ಬಡಿದವು. ಅಮೆರಿಕೆಯ ವಸಾಹತುಗಳು 1776ರಲ್ಲಿ ಇಂಗ್ಲೆಂಡಿನ ದೊರೆಯನ್ನು ಒಲ್ಲೆವೆಂದವು. ಫ್ರೆಂಚರು ಅವರ ಪರವಾಗಿ ಇಂಗ್ಲಿಷರೊಡನೆ ಯುದ್ಧಕ್ಕಿಳಿದರು. ಆ ಯುದ್ಧದ ಒಂದು ಕೊನೆ ಮಂಗಳೂರಿನ ಕೋಟೆಯಲ್ಲಿತ್ತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. 1783ರಲ್ಲಿ ಟಿಪ್ಪು ಸುಲ್ತಾನನು ಇಂಗ್ಲಿಷರಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ತುಕಡಿ ಅವನ ಜೊತೆಗಿತ್ತು. ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾದ ಸುದ್ದಿ ಹಡಗಿನಲ್ಲಿ ಬಂದು ಮುಟ್ಟಿದೊಡನೆ ಆ ತುಕಡಿ ಕದನದಿಂದ ಹಿಂದೆ ಸರಿಯಿತು. ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆ ಕಂಪೆನಿಯ ಸ್ವತ್ತಾಯಿತು. ಆಗಿನ ಕೆನರಾ ಎಂದರೆ ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಇವೆಲ್ಲ ಸೇರಿದ ಸೀಮೆ. ಮೊದಲ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ಇಲ್ಲಿನ ರೈತನಿಗೆ ತನ್ನ ಭೂಮಿಯ ಮೇಲೆ ಬಹು ಹಿಂದಿನಿಂದ ಒಡೆತನದ ಹಕ್ಕು ಇರುವುದನ್ನು ಅವರು ಕಂಡುಕೊಂಡರು. ಹಕ್ಕನ್ನು ಬಲ್ಲ ರೈತನು ಅನ್ಯಾಯವನ್ನೂ ಬೇಗನೆ ಗುರುತಿಸುತ್ತಾನೆ. 1830 ಮತ್ತು 1831ರಲ್ಲಿ ಈ ಜಿಲ್ಲೆಯ ರೈತರು ಊರೂರುಗಳಲ್ಲಿ ಕೂಟಗಳನ್ನು ಕಟ್ಟಿಕೊಂಡರು. ದೇವಸ್ಥಾನಗಳಲ್ಲಿ ನೆರೆದು, ಬೆಲೆ ಕುಸಿದ ಕಾಲದಲ್ಲಿ ಇಷ್ಟು ಕಂದಾಯ ಕೊಡಲಾರೆವೆಂದು ಸರಕಾರಕ್ಕೆ ಅರ್ಜಿ ಬರೆದರು. ಆಯುಧ ಹಿಡಿಯದೆ ಕಂದಾಯವನ್ನು ನಿಲ್ಲಿಸಿದ ಈ ಕೂಟಗಳ ಹೋರಾಟವನ್ನು ಗಾಂಧೀಜಿಯವರ ಕಾಲದ ಕರನಿರಾಕರಣೆಯ ಹಿರಿಯಣ್ಣನೆಂದು ಕರೆದರೆ ತಪ್ಪಾಗದು.

ಎರವಲು ಪಡೆದ ಹೆಸರುಗಳು

ಈ ಸೀಮೆಯ ದಂಗೆಗಳನ್ನು ಸಾಲಾಗಿಟ್ಟು ನೋಡಿದಾಗ ವಿಶೇಷವೊಂದು ಎದ್ದು ಕಾಣುತ್ತದೆ. 1800ರಲ್ಲಿ ವಿಟ್ಲದ ಹೆಗ್ಗಡೆಯೂ ಬೆಳ್ತಂಗಡಿ ಬಳಿಯ ಜಮಾಲಾಬಾದ್ ಕೋಟೆಯನ್ನು ಹಿಡಿದ ತಿಮ್ಮನಾಯಕನೂ ಕಂಪೆನಿಗೆ ತಿರುಗಿ ನಿಂತ ಕಾಲದಲ್ಲಿ, ಸುಬ್ಬರಾವ್ ಎಂಬಾತನು ಟಿಪ್ಪುವಿನ ಮಗ ಫತೇ ಹೈದರನೇ ಈತನೆಂದು ಬೇರೊಬ್ಬನನ್ನು ಮುಂದಿಟ್ಟುಕೊಂಡು ಜನ ಕೂಡಿಸಿದನು. 1830ರಲ್ಲಿ ಘಟ್ಟದ ಮೇಲೆ ನಗರದ ರೈತರು ಎದ್ದಾಗ, ಬೂದಿ ಬಸವಪ್ಪನೆಂಬ ಹೆಸರು ಹೊತ್ತವನು ಕೆಳದಿಯ ಸಿಂಹಾಸನಕ್ಕೆ ತಾನೇ ವಾರಸುದಾರನೆಂದನು. 1837ರಲ್ಲಿ ಕಲ್ಯಾಣಸ್ವಾಮಿ.

ಜನರಿಗೆ ಎರವಲು ಹೆಸರು ಏಕೆ ಬೇಕಾಯಿತು? ಅಮೆರಿಕದವರು, ಫ್ರೆಂಚರು ದೊರೆಯೇ ಬೇಡವೆಂದರು. ನಮ್ಮ ರೈತನಿಗೆ ಆ ಭಾಷೆ ಇನ್ನೂ ಒದಗಿರಲಿಲ್ಲ. ಆದರೆ ನ್ಯಾಯದ ಭಾಷೆ ಗೊತ್ತಿತ್ತು. ಒಳ್ಳೆಯ ಅರಸನು ಕಷ್ಟಕಾಲದಲ್ಲಿ ಕಂದಾಯ ಬಿಡುತ್ತಾನೆ, ಕೆಟ್ಟವನು ಹಿಂಡುತ್ತಾನೆ ಎಂಬುದು ಅವನ ರಾಜನೀತಿ. ಆದ್ದರಿಂದ ತನ್ನ ನೋವನ್ನು ಹೇಳಿಕೊಳ್ಳಲು ಅವನು ಒಬ್ಬ ಅರಸನ ಹೆಸರನ್ನೋ ಸ್ವಾಮಿಯ ಹೆಸರನ್ನೋ ಹುಡುಕಿದನು. ಹೆಸರು ಪರರದಾದರೂ ನೋವು ಅವನದೇ ಆಗಿತ್ತು.

1834ರ ಗಾಯ

ಕೊಡಗನ್ನು ಆಳುತ್ತಿದ್ದ ಹಾಲೇರಿ ಅರಸರು ಲಿಂಗವಂತರು. ಕೆಳದಿ ಮನೆತನದ ಒಬ್ಬನು ಜಂಗಮ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿ, ಜನರ ಗೌರವವನ್ನು ಗಳಿಸಿ, ಕ್ರಮೇಣ ಅರಸನಾದನೆಂದು ಆ ವಂಶದ ಮೂಲವನ್ನು ಕುರಿತ ಐತಿಹ್ಯವಿದೆ. ದೊಡ್ಡವೀರರಾಜೇಂದ್ರನು ಟಿಪ್ಪುವಿನ ವಿರುದ್ಧ ಕಂಪೆನಿಗೆ ನೆರವಾದುದರ ಫಲವಾಗಿ, 19ನೆಯ ಶತಮಾನದ ಆರಂಭದಲ್ಲಿ ಘಟ್ಟದ ಕೆಳಗಿನ ಅಮರ ಸುಳ್ಯ, ಪಂಜ, ಬೆಳ್ಳಾರೆಗಳ ಸೀಮೆ ಮತ್ತೆ ಕೊಡಗಿಗೆ ಸೇರಿತು. 1834ರಲ್ಲಿ ಅದೇ ಕಂಪೆನಿಯು ಕೊಡಗಿನ ಮೇಲೆ ದಂಡೆತ್ತಿ ಹೋಗಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅವನನ್ನು ವೇಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು. ಮುಂದೆ ಅವನು 1852ರಲ್ಲಿ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು.

ಈ ಅರಸನು ಪ್ರಜಾವತ್ಸಲನಾಗಿದ್ದನೆಂದು ನಾವು ಹೇಳಲಾರೆವು. ಅವನ ಕ್ರೌರ್ಯದ ಕಥೆಗಳನ್ನು ಕೊಡಗಿನ ಜನರೇ ಹೇಳುತ್ತ ಬಂದಿದ್ದಾರೆ. ನಮ್ಮವನೆಂಬ ಅಭಿಮಾನಕ್ಕಾಗಿ ಅವುಗಳನ್ನೆಲ್ಲ ಮುಚ್ಚಿಡುವುದು ಶರಣರ ದಾರಿಯಲ್ಲ. ಹಾಗಿದ್ದರೆ ಅವನ ಹೋದ ರಾಜ್ಯಕ್ಕಾಗಿ ರೈತರು ಏಕೆ ಎದ್ದರು?

ಉತ್ತರ ಕಂದಾಯದ ಲೆಕ್ಕದಲ್ಲಿದೆ. ಕೊಡಗು ಬಿದ್ದ ಮೇಲೆ ಕಂಪೆನಿಯು ಘಟ್ಟದ ಕೆಳಗಿನ ಗ್ರಾಮಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಈ ಸೀಮೆಯ ರೈತನು ಕಂದಾಯದ ಬಹುಭಾಗವನ್ನು ಬೆಳೆದ ವಸ್ತುವಿನ ರೂಪದಲ್ಲಿ ಅಳೆದುಕೊಡಬಹುದಾಗಿತ್ತು. ಕಂಪೆನಿಯಾದರೋ ನಗದು ಹಣವನ್ನೇ ಕೇಳಿತು. ಕಾಡಿನ ನಡುವೆ ಗದ್ದೆ ಮಾಡುವವನ ಕೈಯಲ್ಲಿ ಭತ್ತವಿರುತ್ತದೆ, ರೂಪಾಯಿ ಇರುವುದಿಲ್ಲ. ಕಂದಾಯದ ಗಡುವು ಬರುವಾಗ ಎಲ್ಲ ರೈತರೂ ಒಟ್ಟಿಗೆ ಬೆಳೆಯನ್ನು ಮಾರಲು ಹೊರಡುತ್ತಾರೆ, ಬೆಲೆ ಇಳಿಯುತ್ತದೆ. ಮಾರದಿದ್ದರೆ ಸಾಹುಕಾರನಲ್ಲಿ ಸಾಲ ಮಾಡಬೇಕು. ಹೀಗೆ ಕಂದಾಯದ ಮೊತ್ತವನ್ನು ಏರಿಸದಿದ್ದರೂ ಅದರ ಭಾರ ಮಾತ್ರ ಏರಿತು. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರ ಸರಕಾರದ ಏಕಸ್ವಾಮ್ಯದಲ್ಲಿತ್ತು. ಗಂಜಿಗೆ ಬೀಳುವ ಉಪ್ಪು, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಇವೆರಡೂ ಬಡವನ ಮನೆಯ ವಸ್ತುಗಳೇ. ಅರಸನು ಹೋದದ್ದರಿಂದ ಜನ ಎದ್ದರು ಎನ್ನುವುದಕ್ಕಿಂತ, ಅರಸನ ಕಾಲದ ಅಳತೆ ಹೋದದ್ದರಿಂದ ಎದ್ದರು ಎನ್ನುವುದೇ ಸರಿ.

ದಂಡು ಹೊರಟ ಬಗೆ

ಕೊಡಗು ಕಂಪೆನಿಯ ವಶವಾದ ಮೇಲೆ ಅಪರಂಪಾರನೆಂಬ ಸಂನ್ಯಾಸಿಯೂ ಅನಂತರ ಕಲ್ಯಾಣಸ್ವಾಮಿಯೂ ತಾವು ಹಾಲೇರಿ ಮನೆತನದವರೆಂದು ಹೇಳಿಕೊಂಡು ಜನರನ್ನು ಸಂಘಟಿಸತೊಡಗಿದರು. ಇಬ್ಬರನ್ನೂ ಕಂಪೆನಿಯವರು ಹಿಡಿದು ಸೆರೆಯಲ್ಲಿಟ್ಟರು. ಆದರೆ ಕಲ್ಯಾಣಸ್ವಾಮಿಯ ಹೆಸರು ಸೆರೆಮನೆಯ ಹೊರಗೆ ಉಳಿದುಕೊಂಡಿತು. ಆಗ ದಂಗೆಯ ಮುಖಂಡರು ಪುಟ್ಟಬಸಪ್ಪನೆಂಬವನನ್ನು ಕರೆತಂದು, ಈತನೇ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ, ಕೂಜುಗೋಡು ಮನೆತನದ ಗೌಡರು, ಹುಲಿಕಡಿದ ನಂಜಯ್ಯ, ಚೆಟ್ಟಿ ಕುಡಿಯ, ಕುರ್ತ ಕುಡಿಯ ಇವರೆಲ್ಲ ಆ ಕೂಟದಲ್ಲಿ ಸೇರಿದ ಹೆಸರುಗಳು. ಗೌಡರು, ಕುಡಿಯರು, ಬಂಟರು, ಜೈನರು, ಬ್ರಾಹ್ಮಣರು, ಲಿಂಗವಂತರು ಒಂದೇ ದಂಡಿನಲ್ಲಿ ನಡೆದರು. ಜಾತಿಗೊಂದು ಪಂಕ್ತಿಯಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಸೀಮೆಯಲ್ಲಿ ಕಿಡಿ ಹತ್ತಿತು. ಕಂಪೆನಿಯ ಪಕ್ಷದ ಅಧಿಕಾರಿ ಅಟ್ಲೂರು ರಾಮಪ್ಪಯ್ಯ ಹತನಾದನು. ಬೆಳ್ಳಾರೆಯ ಖಜಾನೆ ದಂಗೆಕೋರರ ವಶವಾಯಿತು. ಕಂದಾಯಕ್ಕೆ ವಿನಾಯಿತಿ, ಉಪ್ಪು ಹೊಗೆಸೊಪ್ಪುಗಳ ಸುಂಕ ರದ್ದು ಎಂಬ ನಿರೂಪಗಳು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಊರೂರಿಗೆ ಹೋದವು. ಮಂಗಳೂರಿನಿಂದ ಕಲೆಕ್ಟರು ಸಿಪಾಯಿಗಳ ತುಕಡಿಯೊಡನೆ ಪುತ್ತೂರಿಗೆ ಧಾವಿಸಿ ಬಂದರು. ಎದುರಿಗಿದ್ದ ಜನಸಂಖ್ಯೆಯನ್ನು ಕಂಡು, ನಿಲ್ಲುವುದು ಅಸಾಧ್ಯವೆಂದರಿತು ಮಂಗಳೂರಿಗೆ ಹಿಂದಿರುಗಿದರು. ಕಂಪೆನಿಯ ಬಂದೂಕುಗಳು ಹಿಮ್ಮೆಟ್ಟಿದ್ದನ್ನು ಈ ಸೀಮೆಯವರು ಕಣ್ಣಾರೆ ಕಂಡರು. ಮರುದಿನದಿಂದ ದಂಡು ಇಮ್ಮಡಿಸಿದ್ದರೆ ಆಶ್ಚರ್ಯವೇನು?

ಆ ದಂಡು ಹೊಳೆಯ ದಡಕ್ಕೆ ಬಂದಾಗ ನಂದಾವರದ ಲಕ್ಷ್ಮಪ್ಪ ಬಂಗರಸನು ಅದರ ಜೊತೆಗೂಡಿದನು. ರಾಜ್ಯಹೋಗಿ ಹೆಸರಷ್ಟೇ ಉಳಿದಿದ್ದ ಮನೆತನವದು. ಸುಮ್ಮನೆ ಕುಳಿತಿದ್ದರೆ ಅವನಿಗೆ ಯಾವ ಅಪಾಯವೂ ಇರಲಿಲ್ಲ. ಆದರೂ ತನ್ನ ಜನರೊಡನೆ ಹೊರಟುಬಂದನು. ಘಟ್ಟದ ಕಡೆಯ ರೈತರ ದಂಗೆ ಕರಾವಳಿಯ ದಂಗೆಯೂ ಆದದ್ದು ಈ ಮೆಲ್ಕಾರ್, ಪಾಣೆಮಂಗಳೂರುಗಳ ನೆಲದಲ್ಲಿಯೇ.

ಏಪ್ರಿಲ್ 5ರಂದು ದಂಡು ಮಂಗಳೂರನ್ನು ಹೊಕ್ಕಿತು. ಬಾವುಟಗುಡ್ಡೆಯ ಮೇಲೆ ದಂಗೆಯ ಬಾವುಟ ಏರಿತು. ಸೆರೆಮನೆಯ ಬಾಗಿಲು ತೆರೆಯಿತು. ಸರಕಾರದ ಕಚೇರಿಗಳಿಗೆ ಬೆಂಕಿ ಬಿತ್ತು. ಇಂಗ್ಲಿಷ್ ಅಧಿಕಾರಿಗಳು ಸಮುದ್ರದ ಹಾದಿಯಿಂದ ಕಣ್ಣಾನೂರಿನತ್ತ ಹೊರಟುಹೋದರು. ಹದಿಮೂರು ದಿನಗಳ ಕಾಲ ಮಂಗಳೂರು ಕಂಪೆನಿಯದಾಗಿರಲಿಲ್ಲವೆಂದು ಇಂದಿಗೂ ಜನ ಹೇಳುತ್ತಾರೆ.

ಅನಂತರ ನಡೆದದ್ದನ್ನು ವಾಚಕರು ಊಹಿಸಬಲ್ಲರು. ಕಣ್ಣಾನೂರು, ತಲಚೇರಿಗಳ ಕಡೆಯಿಂದ ಕಂಪೆನಿಯ ಸೈನ್ಯ ಬಂದಿಳಿಯಿತು. ಕೊಡಗಿನ ಒಳಗೆ ಕಂಪೆನಿಯ ಪರವಾಗಿದ್ದ ದಿವಾನರು ತಮ್ಮ ಜನರನ್ನು ಕೂಡಿಸಿ ದಂಗೆಯನ್ನು ಅಡಗಿಸಲು ಹೊರಟರು. ಕೆಲವೇ ವಾರಗಳಲ್ಲಿ ನಾಯಕರು ಒಬ್ಬೊಬ್ಬರಾಗಿ ಸೆರೆಸಿಕ್ಕರು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಕಂಪೆನಿಗೆ ನಿಷ್ಠೆ ತೋರಿದವರಿಗೆ ಪದಕಗಳು ಬಂದವು. ಆ ಪದಕದ ಮೇಲೆ ಕೊಡವ ವೀರನ ಚಿತ್ರವಿದೆ. ದಂಗೆಯನ್ನು ಅಡಗಿಸಿದ್ದಕ್ಕೆ ಕೊಟ್ಟ ಉಡುಗೊರೆಯೆಂಬ ಒಕ್ಕಣೆ ಕನ್ನಡ ಅಕ್ಷರಗಳಲ್ಲಿಯೇ ಇದೆ. ಗಲ್ಲಿಗೇರಿದವನ ಭಾಷೆಯೂ ಪದಕ ಧರಿಸಿದವನಿಗೆ ಕೊಟ್ಟ ಬಿರುದಿನ ಭಾಷೆಯೂ ಒಂದೇ ಆಗಿತ್ತು.

ಕೆನರಾ ಮತ್ತು ಕೆನಡಾ

ಅದೇ 1837ರಲ್ಲಿ ಇಂಗ್ಲೆಂಡಿನ ಇನ್ನೊಂದು ವಸಾಹತು ಕೂಡ ದಂಗೆಯೆದ್ದಿತು. ಅದರ ಹೆಸರು ಕೆನಡಾ. ಉಚ್ಚಾರದಲ್ಲಿ ಒಂದಕ್ಷರದ ಅಂತರ. ಭಾಗ್ಯದಲ್ಲಿ ಎಷ್ಟು ಅಂತರ!

ಕೊಡಗು ಕಂಪೆನಿಯ ವಶವಾದ 1834ರಲ್ಲಿಯೇ ಕೆಳ ಕೆನಡಾದ ಶಾಸನಸಭೆಯು ತನ್ನ ದೂರುಗಳನ್ನೆಲ್ಲ 92 ನಿರ್ಣಯಗಳಾಗಿ ಬರೆದು ಲಂಡನ್ನಿಗೆ ಕಳುಹಿಸಿತ್ತು. ಜನರಿಂದ ಎತ್ತಿದ ಹಣವನ್ನು ವೆಚ್ಚ ಮಾಡುವ ಅಧಿಕಾರ ಜನರ ಸಭೆಗೆ ಬೇಕೆಂಬುದು ಅವುಗಳಲ್ಲಿ ಮುಖ್ಯವಾದ ಬೇಡಿಕೆ. ಇತ್ತ ಸುಳ್ಯದ ರೈತರು ಸಿದ್ಧರಾಗುತ್ತಿದ್ದ 1837ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕುವ ಗೊತ್ತುವಳಿಗಳು ಮಂಡನೆಯಾದವು. ನವೆಂಬರಿನಲ್ಲಿ ಕೆಳ ಕೆನಡಾ, ಡಿಸೆಂಬರಿನಲ್ಲಿ ಮೇಲು ಕೆನಡಾ ಶಸ್ತ್ರ ಹಿಡಿದವು. ಅಲ್ಲಿಯೂ ದಂಗೆ ಸೋತಿತು. ಟೊರಾಂಟೋವಿನಲ್ಲಿ 1838ರ ಏಪ್ರಿಲ್ 12ರಂದು ಇಬ್ಬರನ್ನು, ಮುಂದೆ ಮಾಂಟ್ರಿಯಲ್‌ನಲ್ಲಿ 12 ಜನರನ್ನು ಗಲ್ಲಿಗೇರಿಸಿದರು. ಅನೇಕರನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು.

ಆದರೆ ಅಲ್ಲಿಗೆ ನೇಣಿನ ಬೆನ್ನಲ್ಲಿಯೇ ಇನ್ನೊಂದು ವಸ್ತು ಹೋಯಿತು. ಜನ ಏಕೆ ಎದ್ದರೆಂದು ವಿಚಾರಿಸಲು ಡರ್ಹಾಮ್ ಪ್ರಭುವನ್ನು ಕಳುಹಿಸಿದರು. ಜನರ ಸಭೆಗೆ ಹೊಣೆಯಾದ ಸರಕಾರ ಬೇಕೆಂದು 1839ರ ಅವನ ವರದಿ ಹೇಳಿತು. 1848ರಲ್ಲಿ ಅದು ಜಾರಿಗೆ ಬಂದಿತು. ಅಲ್ಲಿ ದಂಗೆಯಿಂದ ಪ್ರಶ್ನೆ ಹುಟ್ಟಿತು, ಪ್ರಶ್ನೆಯಿಂದ ಅಧಿಕಾರ ಹುಟ್ಟಿತು. ಇಲ್ಲಿ ಅಂಥ ಪ್ರಭು ಯಾರೂ ಬರಲಿಲ್ಲ. ಕೆನರಾದ ರೈತನ ಪ್ರಶ್ನೆಯನ್ನು ಗಲ್ಲುಮರದ ಕೆಳಗೆ ಹೂತು, ಮೇಲೆ ಪದಕವನ್ನಿಟ್ಟರು. ಕೆನಡಾದ ಮಕ್ಕಳು ತಮ್ಮ 1837ನ್ನು ಶಾಲೆಯಲ್ಲಿ ಓದುತ್ತಾರೆ. ನಮ್ಮ 1837 ಬಹುಕಾಲ ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದಿತ್ತು.

ಈ ಮರೆವಿಗೆ ಇನ್ನೊಂದು ಕಾರಣವೂ ಇದೆ. ಬ್ರಿಟಿಷರ ಕಡತಗಳಲ್ಲಿ ಇದು ಕೊಡಗಿನ ಗಲಭೆ. ನಡೆದದ್ದು ಬಹುಪಾಲು ಕೆನರಾದಲ್ಲಿ. ಕೆನರಾ ಮದರಾಸಿಗೆ ಸೇರಿತ್ತು, ಕೊಡಗು ಬೇರೆ, ಮೈಸೂರು ಬೇರೆ. 1956ರವರೆಗೆ ಈ ಮೂರೂ ಒಂದು ರಾಜ್ಯದಲ್ಲಿರಲಿಲ್ಲ. ಮೂರು ಮನೆಗಳ ನಡುವಿನ ಓಣಿಯಲ್ಲಿ ಬಿದ್ದ ಕೂಸಿನಂತೆ ಈ ಚರಿತ್ರೆಯನ್ನು ಯಾರೂ ತಮ್ಮದೆಂದು ಎತ್ತಿಕೊಳ್ಳಲಿಲ್ಲ. ಇದೇ ಸೀಮೆಯಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯನ್ನು ಬರೆದು ಕನ್ನಡಿಗರ ಗಮನವನ್ನು ಇತ್ತ ಸೆಳೆದರು. ಅನಂತರ ವಿದ್ವಾಂಸರು ಕಡತಗಳನ್ನು ಶೋಧಿಸಿದರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು.

ಕಾಟಕಾಯಿ ಎಂಬ ಮಾತು

ಈ ದಂಗೆಯನ್ನು ಇಂದು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಗೌರವದಿಂದ ಕರೆಯುತ್ತೇವೆ. ಆದರೆ ಈ ಸೀಮೆಯ ಜನರ ಬಾಯಲ್ಲಿ ಅದರ ಹೆಸರು ಬೇರೆ. ಅವರು 'ಕಲ್ಯಾಣಪ್ಪನ ಕಾಟಕಾಯಿ' ಎನ್ನುತ್ತಾರೆ. ಆ ಮಾತಿನಲ್ಲಿ ಕಾಟದ ಸದ್ದಿದೆ. ದಂಡು ಬರುವುದೆಂದರೆ ಊರಿನ ಅಕ್ಕಿ ಹೋಗುವುದು, ಅಂಗಡಿ ಮುಚ್ಚುವುದು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಸೇರುವುದು. ದಂಡು ಒಳ್ಳೆಯ ಕಾರಣಕ್ಕೆ ಹೊರಟಿದ್ದರೂ ಹಾದಿಯಲ್ಲಿರುವ ಮನೆಗೆ ಅದು ದಂಡೇ. ಸೆರೆಮನೆಯ ಬಾಗಿಲು ತೆರೆದಾಗ ಕಂದಾಯ ಕೊಡಲಾರದವನ ಹಿಂದೆ ಕಳ್ಳನೂ ಹೊರಗೆ ಬರುತ್ತಾನೆ.

ಎರಡು ಹೆಸರುಗಳಲ್ಲಿ ಯಾವುದು ನಿಜ? ಎರಡೂ ನಿಜವೆಂಬುದು ನಮ್ಮ ತಿಳಿವಳಿಕೆ. ಸಮರವೆಂಬ ಹೆಸರು ದಂಡಿನಲ್ಲಿ ನಡೆದವರ ಧೈರ್ಯವನ್ನು ಹೇಳುತ್ತದೆ. ಕಾಟಕಾಯಿ ಎಂಬ ಹೆಸರು ಹಾದಿಯ ಮನೆಗಳವರು ತೆತ್ತ ಬೆಲೆಯನ್ನು ಹೇಳುತ್ತದೆ. ಒಂದನ್ನು ಕಲ್ಲಿನಲ್ಲಿ ಕೆತ್ತಿ ಇನ್ನೊಂದನ್ನು ಅಳಿಸಿದರೆ ಚರಿತ್ರೆ ಅರ್ಧವಾಗುತ್ತದೆ.

ಇನ್ನು ವೇಷದ ಪ್ರಶ್ನೆ. ಹಾಲೇರಿಯ ವಂಶ ಜಂಗಮ ವೇಷದಿಂದ ಆರಂಭವಾಯಿತೆಂದು ಐತಿಹ್ಯ. ಅದರ ಹೆಸರಿನ ಕೊನೆಯ ಹೋರಾಟವೂ ಸ್ವಾಮಿಯ ವೇಷದಲ್ಲಿಯೇ ನಡೆಯಿತು. ವೇಷದ ಹಿಂದೆ ಆಚಾರವಿಲ್ಲದಿದ್ದರೆ ಅದು ಬರಿಯ ಬಟ್ಟೆ ಎಂಬುದು ನಮ್ಮ ಹಿರಿಯರು ಕಲಿಸಿದ ಪಾಠ. ನಿಜವಾದ ಕಲ್ಯಾಣಸ್ವಾಮಿ ಸೆರೆಯಲ್ಲಿದ್ದುದು ಮುಖಂಡರಿಗೆ ಗೊತ್ತಿತ್ತು. ಹಿಂದೆ ನಡೆದ ಸಾಮಾನ್ಯ ರೈತನಿಗೆ ಗೊತ್ತಿರಲಿಲ್ಲ. ಅವನು ನಂಬಿ ಬಂದನು, ಮನೆ ಮಾರು ಕಳೆದುಕೊಂಡನು. ಅವನಿಗೆ ನಿಜವನ್ನು ಹೇಳದೆ ಕರೆದುಕೊಂಡು ಹೋದದ್ದು ಧರ್ಮವೆಂದು ನಾವು ಬರೆಯಲಾರೆವು. ಕಾರ್ಯ ದೊಡ್ಡದಾದಷ್ಟೂ ನಿಜದ ಅಗತ್ಯ ಹೆಚ್ಚು.

ಆದರೆ ಪುಟ್ಟಬಸಪ್ಪನನ್ನು ಬರಿಯ ವೇಷಧಾರಿಯೆಂದು ತಳ್ಳಿಹಾಕಲು ಕೂಡ ಮನಸ್ಸು ಒಪ್ಪುವುದಿಲ್ಲ. ಸ್ವಾಮಿಯ ವೇಷವನ್ನು ತೊಟ್ಟು ಕಾಣಿಕೆ ಎತ್ತಿದವರು, ಮಠ ಕಟ್ಟಿಕೊಂಡವರು, ಹೊಟ್ಟೆ ಹೊರೆದವರು ಎಷ್ಟೋ ಜನ. ಅವನಿಗೆ ದೊರೆತದ್ದು ಬಿಕರ್ನಕಟ್ಟೆಯ ನೇಣು. ಹೆಸರು ಎರವಲು, ಕೊರಳು ಸ್ವಂತದ್ದು.

ಮುಂದಿನ ಸಲ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ನಮ್ಮ ಕುಟುಂಬಗಳು ಮಂಗಳೂರಿನ ಕಡೆಗೂ ಬರುವುದಾದರೆ ಮೆಲ್ಕಾರಿನಲ್ಲಿ ಅರ್ಧ ಗಂಟೆ ಇಳಿಯಲಿ. ನಂದಾವರಕ್ಕೆ ಹೋಗಿ ದೇವರ ದರ್ಶನ ಮಾಡಿ, ಹೊಳೆಯ ದಡದಲ್ಲಿ ನಿಂತು ಮಕ್ಕಳಿಗೆ ಈ ಕಥೆಯನ್ನು ಹೇಳಲಿ. ಅಲ್ಲಿಂದ ಹೊಳೆ ದಾಟಿ ಮಂಗಳೂರಿನತ್ತ ಸಾಗಿದರೆ, ಪಡೀಲು ಕಳೆದ ಮೇಲೆ ಇದೇ ಹೆದ್ದಾರಿ ಬಿಕರ್ನಕಟ್ಟೆಯನ್ನು ಹಾದುಹೋಗುತ್ತದೆ. ಅಲ್ಲಿ ಬಸ್ಸು ನಿಲ್ಲಲಿ, ನಿಲ್ಲದಿರಲಿ, ಲಕ್ಷ್ಮಪ್ಪ ಬಂಗರಸನನ್ನು ನೆನೆಯಲಿ. ಕಲ್ಯಾಣಪ್ಪನನ್ನು ನೆನೆಯುವಾಗ ಮಾತ್ರ ಎರವಲು ಹೆಸರನ್ನು ಬಿಟ್ಟು, ತಾಯಿತಂದೆಗಳು ಇಟ್ಟ ಹೆಸರಿನಿಂದ ಅವನನ್ನು ಕರೆಯಲಿ. ಪುಟ್ಟಬಸಪ್ಪನಿಗೆ ಸಲ್ಲಬೇಕಾದ ಋಣದಲ್ಲಿ ಅಷ್ಟನ್ನಾದರೂ ನಾವು ತೀರಿಸಬಹುದು.